ಪಿಯು ಕಾಲೇಜಿನಲ್ಲಿ ಮತದಾರರ ನೋಂದಣಿ: ಈ ಕೆಲಸವನ್ನು ವಿದ್ಯಾರ್ಥಿಗಳ ಕೈಗೇ ಕೊಡಬಹುದೇ?

ರಾಜ್ಯಶಾಸ್ತ್ರ ಮೇಡಂ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ಪ್ರೌಢಶಾಲೆ ಮತ್ತು ಪಿಯು ಎರಡೂ ಒಂದೇ ಆವರಣದಲ್ಲಿರುವ ಸರ್ಕಾರಿ ಸಂಯುಕ್ತ ಪದವಿಪೂರ್ವ ಕಾಲೇಜು. ಪ್ರತಿ ವರ್ಷ ಜನವರಿ 25ರಂದು ರಾಷ್ಟ್ರೀಯ ಮತದಾರರ ದಿನವನ್ನು ತಪ್ಪದೆ ಆಚರಿಸುತ್ತೇವೆ. ಮಕ್ಕಳು ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಸ್ವೀಕರಿಸುತ್ತಾರೆ, ಪ್ರಬಂಧ ಮತ್ತು ರಂಗೋಲಿ ಸ್ಪರ್ಧೆಗಳು ನಡೆಯುತ್ತವೆ, ಫೋಟೋಗಳು ಮೇಲಧಿಕಾರಿಗಳ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತವೆ. ಆದರೆ ಅದೇ ವಾರ ದ್ವಿತೀಯ ಪಿಯು ತರಗತಿಗೆ ಹೋಗಿ, ಹದಿನೆಂಟು ತುಂಬಿದವರಲ್ಲಿ ಯಾರ ಹೆಸರು ಮತದಾರರ ಪಟ್ಟಿಯಲ್ಲಿದೆ ಎಂದು ಕೇಳಿದರೆ ಮೇಲೇಳುವ ಕೈಗಳು ತೀರಾ ಕಡಿಮೆ.

ಈ ವರ್ಷ ನಮ್ಮ ಮತದಾರರ ಸಾಕ್ಷರತಾ ಸಂಘದ ವಿದ್ಯಾರ್ಥಿಗಳೇ ಕಾಲೇಜಿನ ಆವರಣದಲ್ಲಿ ಒಂದು ಮೇಜು ಹಾಕಿಕೊಂಡು, ತಮ್ಮ ಸಹಪಾಠಿಗಳಿಗೆ ನಮೂನೆ-6 (ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ) ತುಂಬಲು ನೆರವಾಗಲಿ ಎಂಬುದು ನನ್ನ ಯೋಚನೆ. ಒಂಬತ್ತು ಮತ್ತು ಹತ್ತನೇ ತರಗತಿಯ ಕೆಲವು ಮಕ್ಕಳು ತಾವೂ ಸೇರುತ್ತೇವೆ ಎನ್ನುತ್ತಿದ್ದಾರೆ. ಪ್ರಾಂಶುಪಾಲರು ಬೇಡ ಎನ್ನುತ್ತಿಲ್ಲವಾದರೂ ಹಿಂಜರಿಯುತ್ತಿದ್ದಾರೆ. ಇದು ಕಂದಾಯ ಇಲಾಖೆಯ ಕೆಲಸ, ನಾವೇಕೆ ಮೈಮೇಲೆ ಎಳೆದುಕೊಳ್ಳಬೇಕು ಎಂಬುದು ಕೆಲವು ಸಹೋದ್ಯೋಗಿಗಳ ವಾದ. ಇಂತಹ ಕೆಲಸವನ್ನು ಮಕ್ಕಳ ಕೈಗೆ ಕೊಟ್ಟು ನೋಡಿದವರು ಇಲ್ಲಿದ್ದರೆ ದಯವಿಟ್ಟು ಅನುಭವ ಹೇಳಿ. ಎಲ್ಲಿ ಎಡವುವ ಸಾಧ್ಯತೆಯಿದೆ?

ಎನ್ಎಸ್ಎಸ್ ಅಧಿಕಾರಿ

ಖಂಡಿತವಾಗಿ ಕೊಡಿ, ಮೇಡಂ. ಉಪನ್ಯಾಸಕರು ಹತ್ತು ಸಲ ಹೇಳಿದರೂ ಮನೆಯಿಂದ ದಾಖಲೆ ತಾರದ ಹುಡುಗ, ಪಕ್ಕದ ಬೆಂಚಿನವನು ಒಮ್ಮೆ ಕೇಳಿದರೆ ಮರುದಿನವೇ ತರುತ್ತಾನೆ. ನಮ್ಮಲ್ಲಿ ಕಂಡದ್ದು ಇದು.

ನಿವೃತ್ತ ಶಿರಸ್ತೇದಾರ

ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಬಹಳ ಕಾಲ ಕೆಲಸ ಮಾಡಿದವನಾಗಿ, ಮೊದಲು ನಿಯಮಗಳನ್ನು ಸ್ಪಷ್ಟಪಡಿಸುತ್ತೇನೆ. ಏಕೆಂದರೆ ಕಾಲೇಜುಗಳಲ್ಲಿ ಇಂದಿಗೂ ಹಳೆಯ ನಿಯಮವನ್ನೇ ಹೇಳುತ್ತಿರುವುದನ್ನು ಕೇಳಿದ್ದೇನೆ.

ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆದರೆ ಹದಿನೆಂಟು ತುಂಬಿದ ದಿನವೇ ಹೆಸರು ಸೇರುತ್ತದೆ ಎಂದೇನೂ ಇರಲಿಲ್ಲ. ಆ ವರ್ಷದ ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು. ಜನವರಿ 2ರಂದು ಹುಟ್ಟಿದ ಮಗು ಹೆಚ್ಚುಕಡಿಮೆ ಇಡೀ ಒಂದು ವರ್ಷ ಕಾಯಬೇಕಿತ್ತು. 2021ರ ಚುನಾವಣಾ ಕಾನೂನುಗಳ ತಿದ್ದುಪಡಿಯ ನಂತರ, ಅಂದರೆ 2022ರ ಆಗಸ್ಟ್ 1ರಿಂದ, ಅರ್ಹತಾ ದಿನಾಂಕಗಳು ನಾಲ್ಕಾಗಿವೆ: ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1. ಜೊತೆಗೆ ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. ಅವರಿಗೆ ಹದಿನೆಂಟು ತುಂಬುವ ತ್ರೈಮಾಸಿಕದಲ್ಲಿ ಆ ಅರ್ಜಿಯನ್ನು ಪರಿಶೀಲಿಸಿ ಹೆಸರು ಸೇರಿಸುತ್ತಾರೆ.

ಇದರ ಫಲವನ್ನು ನಮ್ಮ ರಾಜ್ಯ ಆಗಲೇ ಕಂಡಿದೆ. 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಕರ್ನಾಟಕದಲ್ಲಿ ಹದಿನೇಳು ದಾಟಿದವರಿಂದ ಸುಮಾರು 1.25 ಲಕ್ಷ ಮುಂಗಡ ಅರ್ಜಿಗಳು ಬಂದಿದ್ದವು. ಅವುಗಳಲ್ಲಿ ಸುಮಾರು 41 ಸಾವಿರ ಏಪ್ರಿಲ್ 1ರೊಳಗೆ ಹದಿನೆಂಟು ತುಂಬುವವರದು ಎಂದು ಚುನಾವಣಾ ಆಯೋಗವೇ ಹೇಳಿತ್ತು. ಹಳೆಯ ನಿಯಮವೇ ಇದ್ದಿದ್ದರೆ, ಜನವರಿ 1ರ ನಂತರ ಹದಿನೆಂಟು ತುಂಬಿದವರಿಗೆ ಮೇ 10ರಂದು ಮತ ಹಾಕುವ ಅವಕಾಶವೇ ಇರುತ್ತಿರಲಿಲ್ಲ. ದ್ವಿತೀಯ ಪಿಯು ತರಗತಿಯ ಬಹುತೇಕ ಮಕ್ಕಳು ಈ ಮುಂಗಡ ಅರ್ಜಿಯ ವ್ಯಾಪ್ತಿಗೆ ಬರುತ್ತಾರೆ. ನೋಂದಣಿಗೆ ಪಿಯು ಕಾಲೇಜಿನಷ್ಟು ಸೂಕ್ತವಾದ ಜಾಗ ಇನ್ನೊಂದಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಪಿಯು ಮುಗಿದ ಮೇಲೆ ಒಬ್ಬ ಬೆಂಗಳೂರಿಗೆ, ಇನ್ನೊಬ್ಬಳು ಧಾರವಾಡಕ್ಕೆ, ಮತ್ತೊಬ್ಬ ದುಡಿಮೆಗೆ ಹೋಗುತ್ತಾರೆ. ಆಮೇಲೆ ಅವರನ್ನು ಒಂದೆಡೆ ಸೇರಿಸಲು ಯಾರಿಂದಲೂ ಆಗದು.

ಪೋಷಕ

ನನ್ನ ಮಗಳು ದ್ವಿತೀಯ ಪಿಯು ವಿಜ್ಞಾನ ವಿಭಾಗದಲ್ಲಿದ್ದಾಳೆ. ಬೆಳಿಗ್ಗೆ ಟ್ಯೂಷನ್, ಸಂಜೆ ಸಿಇಟಿ ಮತ್ತು ನೀಟ್ ತರಬೇತಿ. ಇದರ ನಡುವೆ ಮೇಜು ಹಾಕಿಕೊಂಡು ಅರ್ಜಿ ತುಂಬುತ್ತಾ ಕೂರಲು ಸಮಯವೆಲ್ಲಿದೆ? ಎರಡನೆಯದಾಗಿ, ಚುನಾವಣೆ ಎಂದ ಕೂಡಲೇ ರಾಜಕೀಯ ಪಕ್ಷದವರು ವಾಸನೆ ಹಿಡಿದು ಬರುತ್ತಾರೆ. ಹೆಣ್ಣುಮಕ್ಕಳ ಮೊಬೈಲ್ ನಂಬರು, ಆಧಾರ್ ಪ್ರತಿ ಯಾರ ಕೈಗೆ ಹೋಗುತ್ತದೆ ಎಂಬುದಕ್ಕೆ ಯಾರು ಹೊಣೆ? ಪ್ರಾಂಶುಪಾಲರು ಹಿಂಜರಿಯುವುದರಲ್ಲಿ ನನಗೆ ಯಾವ ತಪ್ಪೂ ಕಾಣುತ್ತಿಲ್ಲ.

ಕೊನೆಯ ಬೆಂಚು (ದ್ವಿತೀಯ ಪಿಯು ವಿದ್ಯಾರ್ಥಿನಿ)

ಪೋಷಕರ ಆತಂಕ ಅರ್ಥವಾಗುತ್ತದೆ, ಸರ್. ಆದರೆ ನಮಗೆ ಸಮಯವಿಲ್ಲ ಎಂಬುದನ್ನು ನಮ್ಮ ಪರವಾಗಿ ಬೇರೆಯವರು ತೀರ್ಮಾನಿಸಬಾರದು. ನಾನು ನಮ್ಮ ಕಾಲೇಜಿನ ಸಂಘದಲ್ಲಿದ್ದೇನೆ. ಊಟದ ಬಿಡುವಿನಲ್ಲಿ ಸರದಿಯ ಮೇಲೆ ಕೂರುತ್ತೇವೆ, ಓದಿಗೆ ತೊಂದರೆಯಾಗಿಲ್ಲ. ಡಿಸೆಂಬರ್ ಮುಗಿಯುವುದರೊಳಗೆ ಈ ಕೆಲಸವನ್ನು ನಿಲ್ಲಿಸಬೇಕು, ಜನವರಿಯಿಂದ ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿ ಇರುತ್ತದೆ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ನಮಗೆ ಎದುರಾದ ನಿಜವಾದ ಅಡ್ಡಿ ಬೇರೆಯೇ ಇತ್ತು. ನನ್ನ ಅನೇಕ ಗೆಳತಿಯರ ಮನೆಯಲ್ಲಿ, "ಹೇಗೂ ಮದುವೆಯಾಗಿ ಹೋಗುವವಳು, ಅಲ್ಲಿಯೇ ಹೆಸರು ಸೇರಿಸಿಕೊಳ್ಳಲಿ, ಇಲ್ಲಿ ಯಾಕೆ" ಎಂದರು. ಅದೇ ಮನೆಯಲ್ಲಿ ಅಣ್ಣನ ಹೆಸರು ಹದಿನೆಂಟು ತುಂಬಿದ ವರ್ಷವೇ ಸೇರಿತ್ತು.

ಮಹಿಳಾ ಕಾಲೇಜು ಉಪನ್ಯಾಸಕಿ

ಈ ಮಾತನ್ನು ನಾನೂ ಪ್ರತಿ ವರ್ಷ ಕೇಳುತ್ತೇನೆ, ಪ್ರತಿ ವರ್ಷವೂ ಬೇಸರವಾಗುತ್ತದೆ. ಹದಿನೆಂಟರಲ್ಲಿ ಸಿಕ್ಕ ಹಕ್ಕನ್ನು ಇಪ್ಪತ್ತೆರಡು, ಇಪ್ಪತ್ಮೂರರವರೆಗೆ ತಡೆಹಿಡಿಯುವುದೆಂದರೆ ಅಷ್ಟರೊಳಗೆ ಬರುವ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಒಂದೆರಡಾದರೂ ಕೈತಪ್ಪಿದಂತೆಯೇ. ಮದುವೆಯ ನಂತರ ವಿಳಾಸ ಬದಲಾದರೆ ನಮೂನೆ-8 ಸಲ್ಲಿಸಿದರೆ ಸಾಕು, ಹೆಸರು ಹೊಸ ಊರಿಗೆ ವರ್ಗವಾಗುತ್ತದೆ, ಗುರುತಿನ ಚೀಟಿಯ ಸಂಖ್ಯೆಯೂ ಅದೇ ಉಳಿಯುತ್ತದೆ ಎಂದು ತಂದೆತಾಯಿಗೆ ತಿಳಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಪೋಷಕರ ಸಭೆಯಲ್ಲಿ ಈ ಮಾತನ್ನು ನಾನು ಹೇಳಿದಾಗ ಸುಮ್ಮನೆ ತಲೆಯಾಡಿಸಿದ ತಾಯಂದಿರು, ಹಿಂದಿನ ವರ್ಷ ನೋಂದಾಯಿಸಿಕೊಂಡಿದ್ದ ಹುಡುಗಿಯೊಬ್ಬಳು ಎದ್ದುನಿಂತು ತನ್ನ ಕಾರ್ಡು ತೋರಿಸಿ ಹೇಳಿದಾಗ ಪ್ರಶ್ನೆ ಕೇಳತೊಡಗಿದರು. ವಿದ್ಯಾರ್ಥಿಗಳು ಬೇಕಿರುವುದು ಇಂತಹ ಕಡೆ.

ಭಾಗಸಂಖ್ಯೆ 112 (ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ; ಪ್ರಾಥಮಿಕ ಶಾಲಾ ಶಿಕ್ಷಕಿ)

ಅರ್ಜಿಗಳು ಕೊನೆಗೆ ಬಂದು ಬೀಳುವುದು ನನ್ನಂಥವರ ಮುಂದೆ. ಆದ್ದರಿಂದ ನಾಲ್ಕು ಮಾತು ನೇರವಾಗಿ ಹೇಳುತ್ತೇನೆ, ಯಾರೂ ಬೇಸರಿಸಬಾರದು.

ಕಾಲೇಜಿನಿಂದ ಬರುವ ಅರ್ಜಿಗಳಲ್ಲಿ ಉತ್ಸಾಹ ಬೇಕಾದಷ್ಟಿರುತ್ತದೆ, ವಿವರ ಇರುವುದಿಲ್ಲ. ಮನೆ ಸಂಖ್ಯೆಯ ಜಾಗದಲ್ಲಿ "ದೇವಸ್ಥಾನದ ಹತ್ತಿರ" ಎಂದು ಬರೆದಿರುತ್ತಾರೆ. ತಂದೆಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಮತದಾರರ ಪಟ್ಟಿಯಲ್ಲಿ ಮೂರನೆಯ ರೀತಿ ಇರುತ್ತದೆ. ಇನಿಷಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬಿಡಿಸಿ ಬರೆದದ್ದು. ಕೊಟ್ಟಿರುವ ಮೊಬೈಲ್ ಸಂಖ್ಯೆಗೆ ಕರೆ ಮಾಡಿದರೆ ಸ್ವಿಚ್ ಆಫ್. ಮನೆ ಹುಡುಕಿಕೊಂಡು ಹೋದರೆ ಆ ಹೆಸರಿನವರು ಎರಡು ಬೀದಿಯಾಚೆ ಇರುತ್ತಾರೆ.

ವಿದ್ಯಾರ್ಥಿಗಳು ಒಂದೇ ಒಂದು ಕೆಲಸ ಮಾಡಿದರೂ ನಮ್ಮ ಅರ್ಧ ಹೊರೆ ಇಳಿಯುತ್ತದೆ. ಅರ್ಜಿ ತುಂಬುವ ಹಿಂದಿನ ದಿನ, ಮನೆಯಿಂದ ತಂದೆ ಅಥವಾ ತಾಯಿಯ ಮತದಾರರ ಗುರುತಿನ ಚೀಟಿಯ ಫೋಟೋ ತರಲು ಪ್ರತಿಯೊಬ್ಬರಿಗೂ ಹೇಳಬೇಕು. ಆ ಸಂಖ್ಯೆಯನ್ನು ಆಯೋಗದ ಜಾಲತಾಣದಲ್ಲಿ ಹಾಕಿದರೆ ವಿಧಾನಸಭಾ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಎಲ್ಲವೂ ಸಿಗುತ್ತವೆ. ಅದನ್ನು ಅರ್ಜಿಯಲ್ಲಿ ಬರೆದರೆ ಮಗುವಿನ ಹೆಸರು ತಂದೆತಾಯಿಯ ಮತಗಟ್ಟೆಗೇ ಬಂದು ಸೇರುತ್ತದೆ. ಇಲ್ಲವಾದರೆ ಒಂದೇ ಮನೆಯವರು ಎರಡು ಮತಗಟ್ಟೆಗೆ ಹೋಗುವ ಸ್ಥಿತಿ ಬರುತ್ತದೆ, ಬೈಗುಳ ತಿನ್ನುವವರು ನಾವು.

ಗಡಿನಾಡ ಮೇಷ್ಟ್ರು

112ರ ಮೇಡಂ ಹೇಳಿದ್ದಕ್ಕೆ ಇನ್ನೊಂದು ಸೇರಿಸಬೇಕು. ತಾಲ್ಲೂಕು ಕೇಂದ್ರದ ಕಾಲೇಜಿಗೆ ಸುತ್ತಲಿನ ಹಳ್ಳಿಗಳ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಎಲ್ಲ ಹಳ್ಳಿಗಳೂ ಒಂದೇ ವಿಧಾನಸಭಾ ಕ್ಷೇತ್ರದಲ್ಲಿರಬೇಕೆಂದಿಲ್ಲ. ನಮ್ಮ ಕಾಲೇಜಿನಲ್ಲಿ ಒಂದೇ ತರಗತಿಯಲ್ಲಿ ಮೂರು ಕ್ಷೇತ್ರಗಳ ಮಕ್ಕಳಿದ್ದಾರೆ. ಎಲ್ಲ ಅರ್ಜಿಗಳನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಸ್ಥಳೀಯ ಕಚೇರಿಗೆ ಕೊಟ್ಟರೆ ಬೇರೆ ಕ್ಷೇತ್ರದ ಮಕ್ಕಳ ಅರ್ಜಿಗಳ ಗತಿಯೇನು? ಮೊದಲು ಹಳ್ಳಿವಾರು ವಿಂಗಡಿಸಬೇಕು, ಅದನ್ನು ಮಕ್ಕಳು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಯಾವ ಹಳ್ಳಿಯ ಯಾವ ಕೇರಿಯಲ್ಲಿ ಯಾರ ಮನೆ ಎಂಬುದು ಅವರಿಗೆ ಬಾಯಿಪಾಠ.

ನಿವೃತ್ತ ಶಿರಸ್ತೇದಾರ

ಕಟ್ಟಿನ ವಿಷಯ ಬಂದದ್ದು ಒಳ್ಳೆಯದಾಯಿತು. ಒಬ್ಬರೇ ವ್ಯಕ್ತಿ ಕಟ್ಟುಗಟ್ಟಲೆ ಅರ್ಜಿಗಳನ್ನು ತಂದು ಸಲ್ಲಿಸುವುದನ್ನು ಆಯೋಗ ಒಪ್ಪುವುದಿಲ್ಲ. ಆದ್ದರಿಂದ ಕಾಲೇಜಿನಿಂದ ಮೊದಲೇ ತಹಶೀಲ್ದಾರರಿಗೆ ಪತ್ರ ಬರೆದು, ಇಂತಹ ದಿನ ಶಿಬಿರ ಇಟ್ಟುಕೊಂಡಿದ್ದೇವೆ, ಸಿಬ್ಬಂದಿಯನ್ನು ಕಳುಹಿಸಿ ಎಂದು ಕೇಳಬೇಕು. ಆಗ ಪ್ರತಿ ವಿದ್ಯಾರ್ಥಿಯೂ ತನ್ನ ಅರ್ಜಿಯನ್ನು ತಾನೇ ಕೊಟ್ಟು, ಅರ್ಜಿಯ ಕೆಳಭಾಗದ ಸ್ವೀಕೃತಿ ಚೀಟಿಯನ್ನು ತಾನೇ ಪಡೆಯುತ್ತಾನೆ. ಆ ಚೀಟಿಯನ್ನು ಕಳೆದುಕೊಳ್ಳಬಾರದು.

ವಕೀಲಿಕೆ

ಪೋಷಕರು ಎತ್ತಿದ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಿಲ್ಲ. ಅದು ಕಡೆಗಣಿಸುವಂಥದ್ದಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಖಾಸಗಿ ಸಂಸ್ಥೆಯವರು ಬಿಎಲ್‌ಒಗಳೆಂದು ಹೇಳಿಕೊಂಡು ಮನೆಮನೆಯಿಂದ ಮತದಾರರ ಮಾಹಿತಿ ಸಂಗ್ರಹಿಸಿದರು ಎಂಬ ಆರೋಪ ಎಷ್ಟು ದೊಡ್ಡ ಸುದ್ದಿಯಾಯಿತು ಎಂಬುದು ಎಲ್ಲರಿಗೂ ನೆನಪಿರಬೇಕು. ಜಾಗೃತಿ ಮೂಡಿಸುವ ಹೆಸರಿನಲ್ಲಿಯೇ ಅದು ನಡೆಯಿತು ಎಂಬುದು ಆ ಪ್ರಕರಣದ ಗಂಭೀರ ಸಂಗತಿ. ಕಾಲೇಜಿನ ಆವರಣಕ್ಕೆ ಯಾವುದೇ ಖಾಸಗಿ ಸಂಸ್ಥೆ, ಪಕ್ಷದ ಕಾರ್ಯಕರ್ತರು ಅಥವಾ ಅಭಿಮಾನಿ ಸಂಘದವರು "ನಾವು ನೆರವಾಗುತ್ತೇವೆ" ಎಂದು ಬಂದರೆ, ಗೇಟಿನಲ್ಲಿಯೇ ನಮಸ್ಕಾರ ಹೇಳಿ ಕಳುಹಿಸಬೇಕು.

ಕಾನೂನಿನ ದೃಷ್ಟಿಯಿಂದ ಎರಡು ಎಚ್ಚರಿಕೆಗಳಿವೆ. ನಮೂನೆ-6ರ ಕೊನೆಯಲ್ಲಿ ಒಂದು ಘೋಷಣೆ ಇದೆ. ಅದಕ್ಕೆ ಅರ್ಜಿದಾರನೇ ಸಹಿ ಮಾಡಬೇಕು. ನೆರವಿಗೆ ಕುಳಿತ ಗೆಳೆಯ "ನಾನೇ ಹಾಕಿಬಿಡುತ್ತೇನೆ" ಎನ್ನುವಂತಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 31ನೇ ಪ್ರಕರಣದ ಪ್ರಕಾರ ಸುಳ್ಳೆಂದು ತಿಳಿದೂ ಘೋಷಣೆ ನೀಡಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹುಟ್ಟಿದ ದಿನಾಂಕವನ್ನು ಎರಡು ತಿಂಗಳು ಹಿಂದಕ್ಕೆ ಹಾಕುವುದು ಮಕ್ಕಳಾಟವಲ್ಲ ಎಂಬುದನ್ನು ಮೊದಲೇ ತಿಳಿಸಿ. ಇನ್ನು ಆಧಾರ್: ಸಕಾರಣವಿದ್ದು ಆಧಾರ್ ಸಂಖ್ಯೆ ನೀಡಲಾಗದಿದ್ದರೆ, ಅಷ್ಟಕ್ಕೇ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ ಎಂದು 2021ರ ತಿದ್ದುಪಡಿಯೇ ಹೇಳುತ್ತದೆ. ವಯಸ್ಸಿಗೆ ಜನನ ಪ್ರಮಾಣಪತ್ರ ಅಥವಾ ಹುಟ್ಟಿದ ದಿನಾಂಕವಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕು.

ಪೋಷಕ

ವಕೀಲರಿಗೆ ಧನ್ಯವಾದ. ಆದರೆ ಪ್ರತಿಗಳ ವಿಷಯ ಹಾಗೆಯೇ ಉಳಿಯಿತಲ್ಲ? ಜೆರಾಕ್ಸ್ ಪ್ರತಿಗಳು ಕಾಲೇಜಿನ ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿರುವುದನ್ನು ನಾನೇ ನೋಡಿದ್ದೇನೆ.

ಎನ್ಎಸ್ಎಸ್ ಅಧಿಕಾರಿ

ನಾವು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ದಾಖಲೆ ಯಾರದೋ ಅವರ ಕೈಯಲ್ಲಿಯೇ ಇರುತ್ತದೆ. ಮೇಜಿನಲ್ಲಿ ಕುಳಿತ ವಿದ್ಯಾರ್ಥಿ ನೋಡಿ, ಅರ್ಜಿಯಲ್ಲಿ ಬರೆದದ್ದು ದಾಖಲೆಗೆ ಹೊಂದುತ್ತದೆಯೇ ಎಂದು ಓದಿ ಹೇಳುತ್ತಾನೆ ಅಷ್ಟೆ. ತನ್ನ ಮೊಬೈಲಿನಲ್ಲಿ ಫೋಟೋ ತೆಗೆಯುವಂತಿಲ್ಲ, ಬೇರೆಯವರ ಸಂಖ್ಯೆ ಬರೆದಿಟ್ಟುಕೊಳ್ಳುವಂತಿಲ್ಲ. ಸಂಘದ ಪುಸ್ತಕದಲ್ಲಿ ಉಳಿಯುವುದು ವಿದ್ಯಾರ್ಥಿಯ ಹೆಸರು, ತರಗತಿ ಮತ್ತು ಅರ್ಜಿಯ ಉಲ್ಲೇಖ ಸಂಖ್ಯೆ ಮಾತ್ರ. ಹುಡುಗಿಯರ ಅರ್ಜಿಗಳನ್ನು ಹುಡುಗಿಯರೇ ನೋಡುತ್ತಾರೆ. ಈ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಪೋಷಕರ ಸಭೆಯಲ್ಲಿ ಓದಿ ಹೇಳಿದ ಮೇಲೆ ಯಾರೂ ತಕರಾರು ತೆಗೆದಿಲ್ಲ.

ಪೋಷಕ

ಹೀಗೆ ನಡೆಯುವುದಾದರೆ ನನ್ನ ವಿರೋಧವಿಲ್ಲ. ಆ ಹಾಳೆಯನ್ನು ಗೇಟಿನ ಬಳಿಯೂ ಅಂಟಿಸಿ.

ಯಂತ್ರಾಂಶ

ಕಾಗದದ ಅರ್ಜಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಅಥವಾ ಅದರ ಮತದಾರರ ಸೇವಾ ಜಾಲತಾಣದಲ್ಲಿ ಮಾಡಿದರೆ ಕ್ಷೇತ್ರವಾರು ವಿಂಗಡಣೆಯ ತಾಪತ್ರಯವೇ ಇಲ್ಲ, ಉಲ್ಲೇಖ ಸಂಖ್ಯೆಯೂ ಕೂಡಲೇ ಬರುತ್ತದೆ. ಇದಕ್ಕೆ ಒಂದು ಪೈಸೆಯೂ ಶುಲ್ಕವಿಲ್ಲ. ಸೈಬರ್ ಸೆಂಟರಿನಲ್ಲಿ ಹಣ ಕೊಟ್ಟು ಮಾಡಿಸಿಕೊಳ್ಳುವ ಮಕ್ಕಳನ್ನು ಕಂಡರೆ ಸಂಕಟವಾಗುತ್ತದೆ.

ಒಂದೇ ಒಂದು ಎಚ್ಚರಿಕೆ. ಹೆಸರನ್ನು ಇಂಗ್ಲಿಷಿನಲ್ಲಿ ಟೈಪಿಸಿದ ಕೂಡಲೇ ಪಕ್ಕದಲ್ಲಿ ಕನ್ನಡದ ಹೆಸರು ತಾನಾಗಿಯೇ ಮೂಡುತ್ತದೆ. ಅದನ್ನು ಯಾರೂ ಓದುವುದಿಲ್ಲ. ಭಾವನಾ ಹೋಗಿ ಬಾವನ ಆಗಿರುತ್ತದೆ, ಮಾಲತಿ ಹೋಗಿ ಮಳತಿ ಆಗಿರುತ್ತದೆ, ಮುದ್ರಿತ ಪಟ್ಟಿಯಲ್ಲಿಯೂ ಹಾಗೆಯೇ ಬರುತ್ತದೆ. ಮೇಜಿನ ಬಳಿ ಕನ್ನಡವನ್ನು ಚೆನ್ನಾಗಿ ಬಲ್ಲ ಒಬ್ಬ ವಿದ್ಯಾರ್ಥಿಯನ್ನು ಇದಕ್ಕೆಂದೇ ಕೂರಿಸಿ. ಹತ್ತನೇ ತರಗತಿಯ ಮಗುವಾದರೂ ಆದೀತು.

ಮಲೆನಾಡಿಗ

ಆ್ಯಪ್ ಸರಿ, ನೆಟ್‌ವರ್ಕ್ ಎಲ್ಲಿದೆ? ನಮ್ಮ ಕಾಲೇಜಿನಲ್ಲಿ ಒಟಿಪಿ ಬರಬೇಕಾದರೆ ಧ್ವಜಸ್ತಂಭದ ಕಟ್ಟೆಯ ಮೇಲೆ ಹತ್ತಿ ನಿಲ್ಲಬೇಕು. ಮೇಲಾಗಿ ಒಟಿಪಿ ಹೋಗುವುದು ತೋಟದಲ್ಲಿರುವ ಅಪ್ಪನ ಫೋನಿಗೆ. ನಮ್ಮಂಥ ಕಡೆ ಕಾಗದವೇ ಗಟ್ಟಿ.

ಹಾಸ್ಟೆಲ್ ವಾರ್ಡನ್

ವಿದ್ಯಾರ್ಥಿನಿಲಯದ ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲ. ಅವರು ಊರಿನ ವಿಳಾಸದಲ್ಲಿ ಸೇರಬೇಕೋ, ಹಾಸ್ಟೆಲ್ ವಿಳಾಸದಲ್ಲಿ ಸೇರಬೇಕೋ ಎಂದು ಪ್ರತಿ ವರ್ಷ ಗೊಂದಲವಾಗುತ್ತದೆ. ಒಬ್ಬೊಬ್ಬ ಅಧಿಕಾರಿ ಒಂದೊಂದು ಹೇಳುತ್ತಾರೆ.

ನಿವೃತ್ತ ಶಿರಸ್ತೇದಾರ

ಆಯ್ಕೆ ವಿದ್ಯಾರ್ಥಿಯದು. ಊರಿನಲ್ಲಿ ತಂದೆತಾಯಿಯ ಜೊತೆ ಸೇರಬಹುದು, ಇಲ್ಲವೇ ಹಾಸ್ಟೆಲ್ ವಿಳಾಸದಲ್ಲಿ ಸೇರಬಹುದು. ಹಾಸ್ಟೆಲ್ ವಿಳಾಸವಾದರೆ ಪ್ರಾಂಶುಪಾಲರಿಂದ ವ್ಯಾಸಂಗ ಪ್ರಮಾಣಪತ್ರವನ್ನು ಆಯೋಗ ನೀಡಿರುವ ಮಾದರಿಯಲ್ಲಿ ಪಡೆದು ಅರ್ಜಿಗೆ ಲಗತ್ತಿಸಬೇಕು. ಎರಡೂ ಕಡೆ ಸೇರುವಂತಿಲ್ಲ. ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹೆಸರಿರುವುದನ್ನು ಕಾಯ್ದೆಯ 17ನೇ ಪ್ರಕರಣ ನಿಷೇಧಿಸುತ್ತದೆ.

ಗಡಿನಾಡ ಮೇಷ್ಟ್ರು

ನನ್ನನ್ನು ಕೇಳಿದರೆ ಪಿಯು ಮಕ್ಕಳಿಗೆ ಊರಿನ ವಿಳಾಸವೇ ಸರಿ. ನಮ್ಮ ರಾಜ್ಯದಲ್ಲಿ 2023ರ ವಿಧಾನಸಭೆಗೆ ಮೇ 10ರಂದು ಮತದಾನ ನಡೆಯಿತು, 2024ರ ಲೋಕಸಭೆಗೆ ಏಪ್ರಿಲ್ 26 ಮತ್ತು ಮೇ 7ರಂದು ನಡೆಯಿತು. ಆ ದಿನಗಳಲ್ಲಿ ಪಿಯು ಹಾಸ್ಟೆಲುಗಳು ಬೇಸಿಗೆ ರಜೆಗೆ ಬೀಗ ಹಾಕಿರುತ್ತವೆ. ಹಾಸ್ಟೆಲ್ ವಿಳಾಸದಲ್ಲಿ ಹೆಸರಿರುವ ಹುಡುಗ ಮತ ಹಾಕಲೆಂದೇ ಊರಿನಿಂದ ಬಸ್ ಹತ್ತಿ ಬರುತ್ತಾನೆಯೇ?

ಹಾಸ್ಟೆಲ್ ವಾರ್ಡನ್

ಮೇಷ್ಟ್ರೇ, ಎಲ್ಲರಿಗೂ ಹಾಗೆ ಹೇಳಲಾಗದು. ನನ್ನ ಹಾಸ್ಟೆಲಿನಲ್ಲಿ ತಂದೆತಾಯಿ ಕೂಲಿಗಾಗಿ ವರ್ಷದ ಬಹುಪಾಲು ಬೇರೆ ಜಿಲ್ಲೆಯಲ್ಲಿರುವ ಮಕ್ಕಳಿದ್ದಾರೆ. ಅವರ ಊರಿನ ಮನೆಗೆ ಬೀಗ. ಬಿಎಲ್‌ಒ ಪರಿಶೀಲನೆಗೆ ಹೋದರೆ ಅಕ್ಕಪಕ್ಕದವರು "ಇಲ್ಲಿ ಯಾರೂ ಇಲ್ಲ" ಎಂದುಬಿಡುತ್ತಾರೆ. ಅಂಥವರಿಗೆ ಹಾಸ್ಟೆಲೇ ಮನೆ. ಆದರೆ ರಜೆಯಲ್ಲಿ ಊರಿಗೆ ಹೋಗುವ ಮಕ್ಕಳ ಮಟ್ಟಿಗೆ ನಿಮ್ಮ ಮಾತು ಸರಿ ಎನಿಸುತ್ತದೆ.

ಹೊಸ ಓದುಗ

ಅಮೆರಿಕದ ಕ್ಯಾಲಿಫೋರ್ನಿಯಾ, ಫ್ಲಾರಿಡಾ ಮೊದಲಾದ ರಾಜ್ಯಗಳಲ್ಲಿ ಹದಿನಾರಕ್ಕೇ ಮುಂಗಡ ನೋಂದಣಿ ಮಾಡಿಕೊಳ್ಳುತ್ತಾರೆ. ಆಸ್ಟ್ರಿಯಾದಲ್ಲಿ 2007ರಿಂದ ಹದಿನಾರಕ್ಕೇ ಮತದಾನದ ಹಕ್ಕಿದೆ. ನಮ್ಮಲ್ಲಿಯೂ ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೇ ಮುಂಗಡ ಅರ್ಜಿ ಪಡೆದರೆ ಪಿಯು ಓದದೆ ದುಡಿಮೆಗೆ ಹೋಗುವ ಮಕ್ಕಳೂ ಸಿಗುತ್ತಾರಲ್ಲವೇ?

ಮಹಿಳಾ ಕಾಲೇಜು ಉಪನ್ಯಾಸಕಿ

ಪಿಯುಗೆ ಬಾರದ ಮಕ್ಕಳ ಬಗ್ಗೆ ನೀವು ಹೇಳಿದ್ದು ನನ್ನ ಮನಸ್ಸಿನಲ್ಲಿಯೂ ಇದೆ. ಕಾಲೇಜಿನ ಗೇಟಿನೊಳಗೆ ಮಾತ್ರ ಶಿಬಿರ ನಡೆಸಿದರೆ ಅವರು ಹೊರಗೇ ಉಳಿಯುತ್ತಾರೆ. ಈಗಿನ ನಿಯಮದಲ್ಲಿ ಹದಿನೇಳಕ್ಕೆ ಮೊದಲು ಅರ್ಜಿ ಹಾಕಲಾಗದು. ಆದರೆ ಕಾಲೇಜಿನ ಮಕ್ಕಳಿಗೆ ತಮ್ಮ ಕೇರಿಯಲ್ಲಿ ಓದು ಬಿಟ್ಟ ಗೆಳೆಯರು ಯಾರೆಂದು ಗೊತ್ತು. ಗ್ಯಾರೇಜಿನಲ್ಲಿ, ಗಾರ್ಮೆಂಟ್ಸ್‌ನಲ್ಲಿ ಇರುವ ಆ ಗೆಳೆಯರನ್ನೂ ಶಿಬಿರದ ದಿನ ಕರೆತರಲಿ. ಅವರ ಪಾಲಿಗೆ ಕಾಲೇಜಿನ ಗೇಟು ಆ ಒಂದು ದಿನವಾದರೂ ತೆರೆದಿರಲಿ.

ಸಮಾಜ ವಿಜ್ಞಾನ (ಪ್ರೌಢಶಾಲಾ ಶಿಕ್ಷಕ)

ಮೂಲ ಪ್ರಶ್ನೆಯಲ್ಲಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಪ್ರಸ್ತಾಪವಿತ್ತು, ಅದು ಮರೆತೇ ಹೋಗುತ್ತಿದೆ. 2018ರ ಜನವರಿ 25ರಂದು ಆಯೋಗ ಮತದಾರರ ಸಾಕ್ಷರತಾ ಸಂಘಗಳನ್ನು ಆರಂಭಿಸಿದಾಗಲೇ, ಶಾಲೆಗಳಲ್ಲಿ ಅವು ಒಂಬತ್ತನೇ ತರಗತಿಯಿಂದ ಮೇಲಿನ ಭಾವೀ ಮತದಾರರಿಗಾಗಿ ಎಂದು ಹೇಳಿತ್ತು. ಹಾಗಿದ್ದರೂ ನಾವು ಅವರನ್ನು ಘೋಷಣೆ ಕೂಗಿಸುವುದಕ್ಕೆ ಮಾತ್ರ ಬಳಸುತ್ತಿದ್ದೇವೆ. ಮತದಾರರ ಪಟ್ಟಿ ಸಾರ್ವಜನಿಕ ದಾಖಲೆ, ಭಾಗವಾರು ಡೌನ್‌ಲೋಡ್ ಮಾಡಿಕೊಳ್ಳಬಹುದು. ನಾನು ಒಂಬತ್ತನೇ ತರಗತಿಯ ಮಕ್ಕಳಿಗೆ ತಮ್ಮ ಮನೆಯವರ ಹೆಸರುಗಳನ್ನು ಆ ಪಟ್ಟಿಯಲ್ಲಿ ಹುಡುಕಲು ಹೇಳಿದೆ. ಒಬ್ಬನ ಅಜ್ಜ ತೀರಿಕೊಂಡು ಬಹಳ ವರ್ಷವಾಗಿದ್ದರೂ ಹೆಸರು ಹಾಗೆಯೇ ಇತ್ತು, ಇನ್ನೊಬ್ಬಳ ತಾಯಿಯ ಹೆಸರಿನ ಮುಂದೆ ಗಂಡಸು ಎಂದು ನಮೂದಾಗಿತ್ತು. ಮೊದಲನೆಯದಕ್ಕೆ ಹೆಸರು ತೆಗೆಸುವ ನಮೂನೆ-7, ಎರಡನೆಯದಕ್ಕೆ ತಿದ್ದುಪಡಿಯ ನಮೂನೆ-8 ಎಂಬುದನ್ನು ಅವರು ಇನ್ನು ಮರೆಯುವುದಿಲ್ಲ. ಆ ತಾಯಿಯ ಅರ್ಜಿಯನ್ನು ಮಗಳೇ ಕೂತು ತುಂಬಿಸಿದಳು.

ಕೊನೆಯ ಬೆಂಚು

ಸರ್, ಇದನ್ನು ನಮ್ಮ ಕಾಲೇಜಿನಲ್ಲಿಯೂ ಮಾಡಲು ಹೇಳುತ್ತೇನೆ. ಇನ್ನೊಂದು ಪ್ರಶ್ನೆ. ಅರ್ಜಿ ಕೊಟ್ಟ ಮೇಲೆ ನಮ್ಮಲ್ಲಿ ಕೆಲವರಿಗೆ ಕಾರ್ಡು ಅಂಚೆಯಲ್ಲಿ ಬಂತು, ಕೆಲವರಿಗೆ ಏನೂ ಬರಲಿಲ್ಲ. ಯಾರನ್ನು ಕೇಳಬೇಕು?

ಭಾಗಸಂಖ್ಯೆ 112

ಒಳ್ಳೆಯ ಪ್ರಶ್ನೆ, ಮಗಳೇ. ಶಿಬಿರ ಮುಗಿದ ಮೇಲೆ ಎಲ್ಲರೂ ಮರೆಯುವುದು ಇದನ್ನೇ. ಅರ್ಜಿಗಳ ವಿವರವನ್ನು ಪ್ರಕಟಿಸಿ ಆಕ್ಷೇಪಣೆಗೆ ಏಳು ದಿನ ಕೊಡುತ್ತಾರೆ, ನಾವು ಸ್ಥಳ ಪರಿಶೀಲನೆ ಮಾಡುತ್ತೇವೆ, ಆಮೇಲೆ ನೋಂದಣಾಧಿಕಾರಿಗಳ ಆದೇಶವಾಗುತ್ತದೆ. ಹದಿನೆಂಟು ತುಂಬುವ ಮೊದಲೇ ಕೊಟ್ಟ ಮುಂಗಡ ಅರ್ಜಿಯಾದರೆ ಆ ತ್ರೈಮಾಸಿಕ ಬರುವವರೆಗೆ ಕಾಯಬೇಕು, ಅದು ತಿರಸ್ಕಾರವಾಗಿದೆ ಎಂದುಕೊಳ್ಳಬಾರದು. ಉಲ್ಲೇಖ ಸಂಖ್ಯೆ ಹಾಕಿ ಜಾಲತಾಣದಲ್ಲಿ ಸ್ಥಿತಿ ನೋಡಬಹುದು, ಸಹಾಯವಾಣಿ 1950ಕ್ಕೆ ಕರೆ ಮಾಡಿಯೂ ಕೇಳಬಹುದು.

ನಿಮ್ಮ ಸಂಘದವರು ಪ್ರತಿ ಅರ್ಹತಾ ದಿನಾಂಕದ ನಂತರ ಒಮ್ಮೆ ಕೂತು ಎಲ್ಲ ಉಲ್ಲೇಖ ಸಂಖ್ಯೆಗಳ ಸ್ಥಿತಿ ನೋಡಿ. ಹೆಸರು ಪಟ್ಟಿಗೆ ಬಂದ ಮೇಲೆಯೇ ನಿಮ್ಮ ಪುಸ್ತಕದಲ್ಲಿ ಗುರುತು ಹಾಕಿ. ಎಷ್ಟು ಅರ್ಜಿ ಹಂಚಿದಿರಿ ಎಂಬ ಲೆಕ್ಕವನ್ನು ಎಲ್ಲ ಕಾಲೇಜುಗಳೂ ಕೊಡುತ್ತವೆ, ಎಷ್ಟು ಹೆಸರು ಸೇರಿತು ಎಂಬ ಲೆಕ್ಕವನ್ನು ಕೊಟ್ಟ ಕಾಲೇಜನ್ನು ನಾನಿನ್ನೂ ಕಂಡಿಲ್ಲ.

ವಕೀಲಿಕೆ

ತಿರಸ್ಕಾರವಾದರೂ ಅಲ್ಲಿಗೆ ಮುಗಿಯಲಿಲ್ಲ. ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು, ಅಲ್ಲಿಯೂ ಆಗದಿದ್ದರೆ ಮುಖ್ಯ ಚುನಾವಣಾಧಿಕಾರಿಗಳಿಗೆ. ಅವಧಿ ಮೀರದಂತೆ ನೋಡಿಕೊಳ್ಳಬೇಕು. ಇನ್ನೊಂದು ಸಂಗತಿ: ಚುನಾವಣೆ ಘೋಷಣೆಯಾದ ಮೇಲೆ ಓಡಾಡುವ ಅಭ್ಯಾಸ ಬೇಡ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರಿಸುವಂತಿಲ್ಲ.

ರಾಜ್ಯಶಾಸ್ತ್ರ ಮೇಡಂ

ಇಷ್ಟು ಕಾಳಜಿಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಪ್ರಾಂಶುಪಾಲರಿಗೆ ಈ ಚರ್ಚೆಯನ್ನು ತೋರಿಸಿದೆ. ದಾಖಲೆ ವಿದ್ಯಾರ್ಥಿಯ ಕೈಯಲ್ಲಿಯೇ ಇರಬೇಕು ಎಂಬ ನಿಯಮವನ್ನು ಓದಿದ ಮೇಲೆ ಒಪ್ಪಿಕೊಂಡರು. ತಹಶೀಲ್ದಾರರಿಗೆ ಪತ್ರ ಸಿದ್ಧವಾಗುತ್ತಿದೆ. ಮೇಜಿನ ಕೆಲಸ ಪಿಯು ಮಕ್ಕಳಿಗೆ, ಪಟ್ಟಿಯಲ್ಲಿ ಹುಡುಕುವ ಮತ್ತು ಕನ್ನಡದ ಹೆಸರು ತಿದ್ದುವ ಕೆಲಸ ಪ್ರೌಢಶಾಲೆಯ ಮಕ್ಕಳಿಗೆ ಎಂದು ಹಂಚಿದ್ದೇನೆ.

ಒಂದು ಸಂದೇಹ ಉಳಿದಿದೆ. ನಮ್ಮಲ್ಲಿ ಇಬ್ಬರು ವಿದ್ಯಾರ್ಥಿನಿಯರ ಕುಟುಂಬ ಕಾಫಿ ತೋಟದ ಕಾರ್ಮಿಕರ ಲೈನು ಮನೆಯಲ್ಲಿದೆ. ಕರೆಂಟ್ ಬಿಲ್ಲು ತೋಟದ ಮಾಲೀಕರ ಹೆಸರಿನಲ್ಲಿದೆ, ಬಾಡಿಗೆ ಕರಾರು ಇಲ್ಲ, ಆಧಾರ್‌ನಲ್ಲಿ ಹಳೆಯ ಊರಿನ ವಿಳಾಸವಿದೆ, ತಂದೆತಾಯಿಯ ಹೆಸರೂ ಇಲ್ಲಿನ ಪಟ್ಟಿಯಲ್ಲಿಲ್ಲ. ಇವರು ಏನು ಮಾಡಬೇಕು?

ಭಾಗಸಂಖ್ಯೆ 112

ವಿಳಾಸಕ್ಕೆ ಪಟ್ಟಿಯಲ್ಲಿ ಹೇಳಿರುವ ದಾಖಲೆಗಳು ಯಾವುವೂ ಇಲ್ಲದಿದ್ದರೆ ಸ್ಥಳ ಪರಿಶೀಲನೆ ಕಡ್ಡಾಯ ಎಂದು ನಮೂನೆ-6ರಲ್ಲಿಯೇ ಇದೆ. ಅಂದರೆ ದಾಖಲೆ ಇಲ್ಲವೆಂದು ಅರ್ಜಿಯನ್ನೇ ಪಡೆಯದೆ ವಾಪಸು ಕಳುಹಿಸುವಂತಿಲ್ಲ. ಇರುವ ಯಾವುದಾದರೂ ದಾಖಲೆಯನ್ನು ಲಗತ್ತಿಸಿ. ಪೋಸ್ಟ್ ಆಫೀಸಿನಲ್ಲಿ ಈ ವಿಳಾಸಕ್ಕೆ ಉಳಿತಾಯ ಖಾತೆ ತೆರೆದಿದ್ದರೆ ಆ ಪಾಸ್‌ಬುಕ್ಕೇ ಸಾಕು. ತೋಟದಲ್ಲಿ ಹಗಲು ಯಾರೂ ಮನೆಯಲ್ಲಿರುವುದಿಲ್ಲ, ಆದ್ದರಿಂದ ಅಲ್ಲಿನ ಬಿಎಲ್‌ಒ ಯಾರೆಂದು ತಿಳಿದು ಭಾನುವಾರ ಬರಲು ಹೇಳಿ. ಅವರ ಜೊತೆ ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಹೋಗಿ ದಾರಿ ತೋರಿಸಲಿ. ತಂದೆತಾಯಿಗೂ ಅದೇ ದಿನ ನಮೂನೆ-8 ತುಂಬಿಸಿ. ಹಳೆಯ ಊರಿನ ಪಟ್ಟಿಯಲ್ಲಿರುವ ಅವರ ಹೆಸರು ಇಲ್ಲಿಗೆ ಬರಲಿ.